ಟೈಲರ್ ತಾತನಿಗೆ ಕೋಡು ಮೂಡಿದ್ದು

ಮೊಮ್ಮಗಳು ಲ್ಯಾಪ್‌ಟಾಪನ್ನು ಹೊಲಿಗೆ ಯಂತ್ರದ ಹಿಂದೆ ತಳ್ಳುತ್ತಿದ್ದಾಗಲೇ ಅಜ್ಜಿಯ ಕಣ್ಣಿಗೆ ಬಿದ್ದಳು.

ಹಜಾರದಲ್ಲಿ ಟೈಲರ್ ತಾತ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಸ್ಮಶಾನದ ವ್ಯಾನು ಬರಲು ಇನ್ನೂ ಒಂದು ಗಂಟೆಯಿತ್ತು. ಪಕ್ಕದಂಗಡಿಯ ಕ್ಷೌರಿಕ ಅವರನ್ನೇ ಅಣಕಿಸುತ್ತಿದ್ದ: "'ನಾಳೆ ಬಾರಯ್ಯ, ಒಂದು ಗುಂಡಿ ಬಾಕಿ.' ಮೂರು ತಿಂಗಳಾಯ್ತಕ್ಕಾ, ನನ್ನ ಪ್ಯಾಂಟು ಇನ್ನೂ ನಾಳೇಲೇ ಇದೆ!"

ಅಳುತ್ತಿದ್ದವರೂ ನಕ್ಕರು. ಅಜ್ಜಿ ನಗಲಿಲ್ಲ.

"ಮಾತು ಅವರದ್ದೇ, ದನಿ ಮಾತ್ರ ನಿಂದು," ಎಂದು ಮೊಮ್ಮಗಳತ್ತ ತಿರುಗಿದರು. " ಕಂದಾ, ಆ ಆಟದಲ್ಲಿ ತಾತ ಮಾತಾಡ್ತಾರಲ್ಲ, ಹಾಕು. ಅವರು ಹೋಗೋ ಮುಂಚೆ ಒಂದ್ಸಲ ಕೇಳಿಬಿಡ್ತೀನಿ. ಬೇರೆಲ್ಲೂ ಇಲ್ಲ ಅವರ ದನಿ."

ಹನ್ನೊಂದು ವರ್ಷದ ಹುಡುಗಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಇನ್ನಷ್ಟು ಒತ್ತಿ ಹಿಡಿದಳು.

*

ಮಕ್ಕಳ ಕೋಡಿಂಗ್ ತಾಣದಲ್ಲಿ ತಾತ, ಮೊಮ್ಮಗಳು ಸೇರಿ ಒಂದು ಆಟ ಕಟ್ಟಿದ್ದರು. ಮೇಲಿಂದ ಬೀಳುವ ಗುಂಡಿಗಳನ್ನು ಸೂಜಿ ಹಿಡಿಯಬೇಕು. ಸದ್ದೆಲ್ಲ ತಾತನ ಬಾಯಿಯದೇ: ಯಂತ್ರದ ಕಟಕಟ, ಕತ್ತರಿಯ ಕಚಕ್, ಗುಂಡಿ ತಪ್ಪಿದರೆ ಗಿರಾಕಿಯ ಗೊಣಗಾಟ. "ಅರವತ್ತೆಂಟಕ್ಕೆ ನನಗೂ ಕೋಡು ಮೂಡಿತು ನೋಡ್ರಪ್ಪ" ಎಂದು ಬೀದಿಗೆಲ್ಲ ಸಾರಿದರು.

ವಾರದೊಳಗೆ ಯಾವ್ಯಾವುದೋ ಊರಿನ ಮಕ್ಕಳು ಅದನ್ನು ರೀಮಿಕ್ಸ್ ಮಾಡಿದರು, ಅಂದರೆ ನಕಲು ತೆಗೆದು ತಮಗಿಷ್ಟದಂತೆ ಬದಲಿಸಿಕೊಂಡರು. ಸೂಜಿ ಹೋಗಿ ರಾಕೆಟ್ ಬಂತು, ಗುಂಡಿಗಳು ಗ್ರಹಗಳಾದವು.

"ತಾತಾ, ನಮ್ಮದನ್ನ ಕದೀತಿದಾರೆ!"

"ಮಿಕ್ಸಿಗೆ ಹಾಕ್ತಿದಾರೆ, ಅಷ್ಟೇ. ಕೆಳಗೆ ನಮ್ಮ ಹೆಸರೂ ಇದೆಯಲ್ಲೇ. ನಾನು ಕತ್ತರಿಸಿದ ಅಳತೆ ಕಾಗದದಲ್ಲಿ ಎಷ್ಟು ಜನ ಹೊಲಿದಿಲ್ಲ?"

"ನಿಮಗೇನೂ ಗೊತ್ತಾಗಲ್ಲ!"

ಆ ಸಂಜೆಯೇ ಅವಳು ಆಟವನ್ನು ಅಳಿಸಿದಳು. ಕಸದ ಬುಟ್ಟಿಯಿಂದಲೂ ತೆಗೆದಳು. ಆಮೇಲೆ ತಾತ ವಾರಕ್ಕೊಮ್ಮೆ ಕೇಳುವರು: "ಈಗೆಷ್ಟು ಜನ ಆಡ್ತಿದಾರೆ?"

"ತುಂಬಾ ಜನ ತಾತ."

*

"ಅಜ್ಜಿ, ನಾನದನ್ನ ಅಳಿಸಿಬಿಟ್ಟೆ."

ಅಜ್ಜಿ ತಾತನತ್ತ ಬಗ್ಗಿದರು. ಹೊದಿಕೆಯ ಅಂಚನ್ನು ಸರಿಮಾಡಿದರು, ಅದು ಸರಿಯಾಗಿಯೇ ಇತ್ತು.

"ಪುಟ್ಟಿ, ಮಿಕ್ಸಿಗೆ ಹಾಕ್ಕೊಂಡವರ ಹತ್ತಿರ ಉಳಿದಿರಬಹುದಲ್ವಾ?" ಎಂದ ಕ್ಷೌರಿಕ ಮೆಲ್ಲಗೆ.

ಸಿಟ್ಟಿನಲ್ಲಿ ಬರೆದಿಟ್ಟಿದ್ದ 'ಕಳ್ಳರ ಪಟ್ಟಿ' ಅವಳ ನೋಟ್‌ಬುಕ್ಕಿನ ಹಿಂಬದಿಯಲ್ಲಿತ್ತು. ಒಬ್ಬೊಬ್ಬರನ್ನೇ ಹುಡುಕಿದಳು. ರಾಕೆಟ್ಟಿನವನು ಸದ್ದನ್ನೆಲ್ಲ ತೆಗೆದು ಹಾಡು ಹಾಕಿದ್ದ. ಗುಂಡಿಗಳನ್ನು ಮೀನಾಗಿಸಿದ್ದವಳ ಆಟ ಮೂಕವಾಗಿತ್ತು. ಪಟ್ಟಿಯ ಕೊನೆಯ ಕಳ್ಳ ಬೆಂಕಿ ಉಗುಳುವ ಡ್ರ್ಯಾಗನ್ ಮಾಡಿದ್ದ.

ಡ್ರ್ಯಾಗನ್ ಬಾಯಿ ತೆರೆಯಿತು.

"ಖೊಳ್, ಖೊಳ್... ಹ್ಞೂಂ, ಶುರು ಮಾಡ್ಲೇನೇ?"

ಧ್ವನಿ ಮುದ್ರಿಸುವಾಗ ಮೊದಲಿಗೆ ಬಂದಿದ್ದ ತಾತನ ಕೆಮ್ಮು. ಅದನ್ನು ಕತ್ತರಿಸಲು ಅವಳು ಮರೆತಿದ್ದಳು. ಆ ಮಗು ಉಳಿದದ್ದನ್ನೆಲ್ಲ ಬಿಸಾಡಿ ಅದೊಂದನ್ನೇ ಇಟ್ಟುಕೊಂಡಿತ್ತು.

ನಗಲು ಹೊರಟ ಕ್ಷೌರಿಕ ಅಲ್ಲೇ ತಡೆದುಕೊಂಡ. ಹುಡುಗಿ ಮತ್ತೆ ಒತ್ತಿದಳು. ಡ್ರ್ಯಾಗನ್ ಮತ್ತೆ ಕೆಮ್ಮಿತು. ಬೆಂಕಿ ಪರದೆಯ ತುಂಬ ಹರಡಿತು.

ಅಜ್ಜಿ ಯಾವಾಗ ಎದ್ದರೋ ಯಾರೂ ನೋಡಲಿಲ್ಲ. ತಾತ ಕೆಮ್ಮಿದಾಗಲೆಲ್ಲ ತರುತ್ತಿದ್ದಂತೆ ಲೋಟದ ತುಂಬ ನೀರು ತಂದು, ಚೆಲ್ಲದಂತೆ ಬಗ್ಗಿ, ಡ್ರ್ಯಾಗನ್ನಿನ ಬಾಯಿಯ ಮುಂದೆ ಹಿಡಿದು ನಿಂತಿದ್ದರು.