ಅರವತ್ತೊಂದನೆಯ ಬಾಟಲಿ

ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಬಾವಿಯಿಂದ ನೀರು ಸೇದುವುದು ಆಲಮೇಲದ ಆ ಮನೆಯ ಸೊಸೆಯ ಕೆಲಸ. ಹದಿನೈದು ವರ್ಷದಿಂದ ನಲಿನಿ ಅದನ್ನು ತಪ್ಪಿಸಿರಲಿಲ್ಲ. ಈಚೆಗೆ ಮಾತ್ರ ಬಗ್ಗಲಾರಳು. ನಲವತ್ತು ತುಂಬುವ ಮೊದಲೇ ಬೆನ್ನು ಹಲಗೆಯಂತೆ ಬಿಗಿದಿತ್ತು.

"ರೀ, ಓಣಿ ತುದಿಗೆ ಹೊಳಿ ನೀರಿನ ನಳ ಅದ. ಅಲ್ಲಿಂದ ತಂದ್ರ ಸೇದೂದರೆ ತಪ್ತದ," ಎಂದಳು ಆ ದಿನವೂ.

"ಆ ನಳಕ್ಕ ಊರ ಮಂದಿ ಎಲ್ಲಾ ಕೊಡ ಹಚ್ತಾರ. ದೇವರಿಗೂ ಬ್ಯಾಡ, ನಮಗೂ ಬ್ಯಾಡ," ಎಂದು ಗಂಡ ಗುರುರಾಜ ತನ್ನ ಬಾಟಲಿಗೆ ಬಾವಿ ನೀರು ತುಂಬಿಕೊಂಡ. ಹೆಂಡತಿಯ ಬೆನ್ನುನೋವಿಗೆ ಅವನು ಆಗಲೇ ವಾತ ಎಂದು ಹೆಸರಿಟ್ಟು ಕೈತೊಳೆದುಕೊಂಡಿದ್ದ.

ಹಾಗೆಂದು ಅವನು ದಡ್ಡನಲ್ಲ. ಸಿಂದಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. 2005ರ ಆ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಸಂಶೋಧನೆಗೆ ಬಿದ್ದಿದ್ದ. ಕೂದಲಿಗಿಂತ ಸಾವಿರಾರು ಪಟ್ಟು ತೆಳ್ಳಗಿನ ಇಂಗಾಲದ ನಳಿಕೆಗಳಿಗೆ ಅಲ್ಯುಮಿನಾ ಬೆರೆಸಿದ ಒಂದು ಕಪ್ಪು ಪುಡಿ. ಅದು ನೀರಿನ ವಿಷವನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಪರೀಕ್ಷೆಗೆಂದು ಸುತ್ತಲಿನ ಊರುಗಳಿಂದ ಅರವತ್ತು ಬಾಟಲಿ ನೀರು ತಂದಿಟ್ಟಿದ್ದ. ತನ್ನ ಮನೆಯದೊಂದನ್ನು ಬಿಟ್ಟು. ಮಡಿಯಲ್ಲಿ ಸೇದಿದ ನೀರನ್ನು ಪರೀಕ್ಷಿಸಬೇಕೆಂದು ಪುಣ್ಯಾತ್ಮನ ತಲೆಗೇ ಹೊಳೆದಿರಲಿಲ್ಲ.

ಅರವತ್ತನೆಯದನ್ನು ಲಚ್ಯಾಣದಲ್ಲಿ ಶಂಕ್ರೆವ್ವ ಎಂಬ ರೈತ ಮುದುಕಿ ತುಂಬಿಕೊಟ್ಟಿದ್ದಳು. ಕುಡಿಯಲೂ ಒಂದು ತಂಬಿಗೆ ನೀಡಿದಾಗ ಅವನು ಕೈ ಅಡ್ಡ ಮಾಡಿ ತನ್ನ ಬಾಟಲಿ ತೆಗೆದ.

"ಬ್ಯಾಡವ್ವ. ಫ್ಲೋರೈಡ್ ಹೆಚ್ಚಿದ್ರ ಮೊದಲ ಹಲ್ಲು ಕಂದ್ತಾವ, ಆಮ್ಯಾಲೆ ಎಲುಬು ಬಿಗೀತಾವ. ಇದು ನಮ್ಮ ಮನಿ ಬಾವಿ ನೀರು. ಮಡೀದು."

ಮುದುಕಿ ಅವನ ಬಾಯನ್ನೇ ನೋಡಿದಳು. "ಸಿಟ್ಟಾಗಬ್ಯಾಡ್ರಿ ಸರ. ನಿಮ್ಮ ಹಲ್ಲಿನ ಮ್ಯಾಲೂ ನಮ್ಮಂಗ ಕಂದು ಗೀರು ಅದಾವಲ್ರಿ. ನಿಮ್ಮ ಬಾವೀದೂ ಒಂದ್ ಬಾಟ್ಲಿ ನೋಡ್ರಲ್ಲ."

"ಅದು ಎಲಿ-ಅಡಕಿ ಕಲಿ," ಎಂದು ನಗಲು ಹೋದವನು ಬಾಯಿ ಮುಚ್ಚಿಕೊಂಡ.

ಮರುದಿನ ಬಾವಿಯ ನೀರನ್ನು ಮೂರು ಸಲ ಪರೀಕ್ಷಿಸಿದ. ಆ ಅರವತ್ತರಲ್ಲಿ ಯಾವುದರಲ್ಲೂ ಇಲ್ಲದಷ್ಟು ಫ್ಲೋರೈಡ್ ಅದರಲ್ಲಿತ್ತು. ಅದರ ಮರುದಿನ ಓಣಿಯ ನಳದ ನೀರನ್ನೂ ಒಯ್ದು ನೋಡಿದ. ಅದು ಚೊಕ್ಕವಾಗಿತ್ತು.

ಸಂಜೆ ಕಪ್ಪು ಪುಡಿಯ ಸೀಸೆ ಹಿಡಿದು ಬಂದು ನಲಿನಿಗೆ ಎಲ್ಲವನ್ನೂ ಹೇಳಿದ. ಅವಳು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಈ ಪುಡಿಯಿಂದ ನನ್ನ ಬೆನ್ನು ಬಗ್ತದೇನು?"

"ಇಲ್ಲ. ಬಿಗಿದ ಎಲುಬಿಗೆ ಏನೂ ಮಾಡ್ಲಿಕ್ಕೆ ಬರೂದಿಲ್ಲ."

"ಇದರಾಗ ಸೋಸಿದ ನೀರು ಸುಮೇಧಾಗರೆ ಕುಡಿಸಬಹುದಲ್ಲ?" ಮಗಳಿಗೆ ಆರು ವರ್ಷ. ಬಿದ್ದ ಹಲ್ಲುಗಳ ಜಾಗದಲ್ಲಿ ಹೊಸವು ಆಗಷ್ಟೇ ಮೂಡುತ್ತಿದ್ದವು.

"ಈಗ ಬರೂದಿಲ್ಲ. ನೀರಿನ ಜೋಡಿ ಪುಡಿ ಹೊಟ್ಟಿಗೆ ಹೋದ್ರ ಏನಾಗ್ತದೋ ಇನ್ನೂ ಯಾರಿಗೂ ಗೊತ್ತಿಲ್ಲ."

"ಸುಮೇಧಾ ಹುಟ್ಟಿದ ವರ್ಷ ನಳ ಬಂತು. ಅವತ್ತಿನಿಂದ ಹೇಳ್ಲಿಕ್ಕತ್ತೀನಿ," ಎಂದಳು ನಲಿನಿ. ದನಿ ಏರಿಸಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಬೆಳಿಗ್ಗೆ ಗುರುರಾಜ ದೇವರಮನೆಯ ತಾಮ್ರದ ಕೊಡವನ್ನೇ ಎತ್ತಿಕೊಂಡು ನಳಕ್ಕೆ ಹೋದ. ನೀರು ಹಿಡಿಯುತ್ತಿದ್ದ ನೆರೆಯ ಸುಲ್ತಾನಬಿ ಅವನನ್ನು ಕಂಡದ್ದೇ ತನ್ನ ಕೊಡ ಸರಿಸಿ ದೂರ ನಿಂತಳು.

"ಮೊದಲ ನೀವು ಹಿಡೀರಿ, ಸರ. ನಳ ತೊಳೀಲೇನ್ರಿ?"

"ಬ್ಯಾಡವ್ವ. ನಿಮ್ಮ ಪಾಳಿ ಮುಗೀಲಿ," ಎಂದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ಎಂದೂ ಕೊಡ ಹೊತ್ತವನಲ್ಲ. ತುಂಬಿದ ಮೇಲೆ ಎತ್ತಲಾರದೆ, "ಒಂಚೂರು ಕೈ ಹಚ್ರಿ," ಎಂದು ಕೇಳಿದ. ಸುಲ್ತಾನಬಿ ಹಿಂದೆಮುಂದೆ ನೋಡಿ, ಕೊನೆಗೆ ಎರಡೂ ಕೈ ಹಚ್ಚಿ ಹೆಗಲಿಗೇರಿಸಿದಳು.

ಮನೆಯಲ್ಲಿ ಮೊದಲ ಲೋಟ ಸುಮೇಧಾಳಿಗೆ ಕೊಟ್ಟ, ಎರಡನೆಯದು ನಲಿನಿಗೆ. ಆ ಮನೆಯಲ್ಲಿ ಯಾರೂ ಲೋಟಕ್ಕೆ ತುಟಿ ಹಚ್ಚುವುದಿಲ್ಲ. ಅವಳು ಎತ್ತಿ ಕುಡಿಯಲು ಹೋದಳು. ಕುತ್ತಿಗೆ ಹಿಂದಕ್ಕೆ ಬಾಗಲಿಲ್ಲ. ನೀರು ಗಲ್ಲದ ಮೇಲೆ ಸುರಿದು ಸೀರೆ ತೊಯ್ಯಿತು. ಇಷ್ಟು ದಿನ ಹೆಂಡತಿ ಹೇಗೆ ನೀರು ಕುಡಿಯುತ್ತಿದ್ದಳು ಎಂದು ಅವನು ಒಮ್ಮೆಯೂ ನೋಡಿರಲಿಲ್ಲ.

"ಕಚ್ಚಿ ಕುಡಿ," ಎಂದು ಗುರುರಾಜ ಲೋಟವನ್ನು ಅವಳ ತುಟಿಗೆ ಹಿಡಿದ. ಅವಳು ಉಳಿಸಿದ್ದನ್ನು ಅದೇ ಲೋಟದಿಂದ ತಾನು ಕುಡಿದ.