ಬಿಳಿಯದೇ ಮೊದಲ ನಡೆ

ಪತ್ರಿಕೆಯಲ್ಲಿ ಬಂದ ಆ ಸವಾಲನ್ನು ಗುಬ್ಬಿ ಬೆಳಗಿನಿಂದ ನಾಲ್ಕು ಸಲ ಓದಿದ್ದಳು. ಗುಬ್ಬಿ ಅನ್ನುವುದು ಮನೆಯ ಹೆಸರು. ಕಚೇರಿಯಲ್ಲಿ ಆಕೆ, ಚಾಂಪಿಯನ್ನರನ್ನೇ ಮಣ್ಣುಮುಕ್ಕಿಸಿದ ಚೆಸ್ ಯಂತ್ರಕ್ಕೆ ಆಟ ಕಲಿಸಿದ ಇಂಜಿನಿಯರು. ಸವಾಲು ಹಾಕಿದ್ದವರು ಬೇರೆ ಯಾರೂ ಅಲ್ಲ, ಅವಳ ದೊಡ್ಡಪ್ಪ. ಕಳೆದ ವರ್ಷ ಆ ಯಂತ್ರಕ್ಕೆ ಸೋತಿದ್ದ ಹಳೆಯ ಚಾಂಪಿಯನ್, ಈಗ ಇನ್ನೊಂದು ಕೈ ನೋಡೇಬಿಡೋಣ ಎಂದು ತೊಡೆ ತಟ್ಟಿದ್ದರು.

ಕಚೇರಿಯ ಮುಖ್ಯಸ್ಥ ಕುಣಿಯುವುದೊಂದು ಬಾಕಿ. ಎಲ್ಲರೂ ಬೆನ್ನ ಹಿಂದೆ 'ಗಡಿಬಿಡಿ' ಎನ್ನುತ್ತಿದ್ದ ಆ ಆಸಾಮಿ, ದೊಡ್ಡ ಸಭಾಂಗಣ ಗೊತ್ತುಮಾಡಲು ಆಗಲೇ ಫೋನು ಹಿಡಿದಿದ್ದ.

"ಬೇಡ ಸರ್," ಎಂದಳು ಗುಬ್ಬಿ.

"ಯಾಕಮ್ಮಾ? ಯಂತ್ರ ಮೊದಲಿಗಿಂತ ಚುರುಕಾಗಿದೆ ಅಂತ ನೀನೇ ಹೇಳ್ತಿದ್ದೆಯಲ್ಲ?"

ಏನಂತ ಹೇಳುವುದು? ಕಳೆದ ಪಂದ್ಯದಲ್ಲಿ ಯಂತ್ರದ ಪರವಾಗಿ ಕಾಯಿ ನಡೆಸಲು ದೊಡ್ಡಪ್ಪನ ಎದುರು ಕೂತಿದ್ದವಳು ಅವಳೇ. ಕೊನೆಯ ಆಟದಲ್ಲಿ ಅವರು ತುಂಬ ಹೊತ್ತು ಯೋಚಿಸಿ, ಒಂದು ಕಾಯಿಯನ್ನೂ ಮುಟ್ಟದೆ, ತಮ್ಮ ನಡೆ ಮುಗಿಯಿತೆಂದು ಗಡಿಯಾರ ಒತ್ತಿದ್ದರು. ತಮಾಷೆಯಿರಬೇಕು ಅಂದುಕೊಂಡು ಮುಖ ನೋಡಿದರೆ, ಯಂತ್ರದ ಉತ್ತರಕ್ಕೆ ಕಾಯುತ್ತಿದ್ದರು. ತೀರ್ಪುಗಾರ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಗುಬ್ಬಿ ಮೆಲ್ಲನೆ ಗಡಿಯಾರವನ್ನು ಮರಳಿ ಒತ್ತಿ, "ದೊಡ್ಡಪ್ಪಾ, ಕಾಯಿ," ಎಂದು ಪಿಸುಗುಟ್ಟಿದಳು. ಅವರು ಬೆಚ್ಚಿಬಿದ್ದು ಕೈಗೆ ಸಿಕ್ಕಿದ್ದನ್ನು ನಡೆಸಿ ಸೋತರು. ಆಗ ಆ ಕಣ್ಣುಗಳಲ್ಲಿ ಕಂಡ ಹೆದರಿಕೆ ಇವತ್ತಿಗೂ ಅವಳ ನಿದ್ದೆ ಕೆಡಿಸುತ್ತದೆ. ಈ ಸಲ ಮೇಜಿನ ಸುತ್ತ ಕ್ಯಾಮೆರಾಗಳಿರುತ್ತವೆ. ಇಡೀ ಲೋಕ ನೋಡಿಬಿಡುತ್ತದೆ.

"ಯಂತ್ರದಲ್ಲಿ ಒಂದು ದೋಷ ಇದೆ ಸರ್," ಎಂದಳು. "ನಾನೇ ಮಾಡಿದ ತಪ್ಪು. ಈಗ ಆಡಿದ್ರೆ ಸೋಲ್ತೀವಿ."

ಗಡಿಬಿಡಿಯ ಕೈಯಿಂದ ಫೋನು ಕೆಳಗಿಳಿಯಿತು. "ಮಾನ ಹರಾಜು ಹಾಕ್ತಿದ್ಯಲ್ಲಮ್ಮಾ! ನಾಳೆಯಿಂದ ನೀನು ಆ ಯಂತ್ರದ ಹತ್ತಿರ ಸುಳೀಬೇಡ."

ಏಳು ವರ್ಷ ಮಗುವಿನಂತೆ ಸಾಕಿದ ಯಂತ್ರ. ಗಾಜಿನಾಚೆ ಅದರ ಹಸಿರು ದೀಪ ಉರಿಯುತ್ತಿತ್ತು. ಇಲ್ಲದ ದೋಷವನ್ನು ಇವರೆಲ್ಲ ತಲೆ ಕೆಟ್ಟು ಹುಡುಕುತ್ತಾರೆ, ಸಿಗದಷ್ಟೂ ಗಡಿಬಿಡಿಯ ದಿಗಿಲು ಹೆಚ್ಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಯಾರಾದರೂ ಸುಳ್ಳನ್ನು ಹಿಡಿದುಬಿಟ್ಟರೆ ಎಂದು ಮನೆಯವರೆಗೂ ಯೋಚಿಸುತ್ತಲೇ ಬಂದಳು.

ಸಂಜೆಯ ಹೊತ್ತಿಗೆ ಪಂದ್ಯವಿಲ್ಲವೆಂಬ ಸುದ್ದಿ ದೊಡ್ಡಪ್ಪನಿಗೆ ಮುಟ್ಟಿಯಾಗಿತ್ತು. ಮುಖ ಊರಗಲ.

"ಹೆದರಿಬಿಟ್ರು ಕಣೇ! ನಿಮ್ಮ ಯಂತ್ರ ಬಾಲ ಮುದುರಿಕೊಂಡು ಓಡ್ತು!"

"ಹೌದು ದೊಡ್ಡಪ್ಪ. ತುಂಬ ಹೆದರಿದ್ವಿ."

"ಬಾ, ಅದರ ಬದಲು ನಿನ್ನನ್ನೇ ಸೋಲಿಸ್ತೀನಿ."

ಅವರು ಬಿಳಿ ಕಾಯಿ ಜೋಡಿಸಿಕೊಂಡರು, ಅವಳು ಕರಿ. ಬಿಳಿಯದೇ ಮೊದಲ ನಡೆ ಎಂದು ಅವಳಿಗೆ ಇದೇ ಮೇಜಿನ ಮೇಲೆ ಕಲಿಸಿದವರು ಅವರು. ಚಿಕ್ಕವಳಿದ್ದಾಗ ಆತುರಪಟ್ಟು ಕರಿ ಕಾಯಿಗೆ ಕೈ ಹಾಕಿದರೆ ಬೆರಳ ಮೇಲೊಂದು ಏಟು ಬೀಳುತ್ತಿತ್ತು.

ದೊಡ್ಡಪ್ಪ ಕೈಕಟ್ಟಿ ಕೂತರು. ಗುಬ್ಬಿ ಕಾದಳು. ಅವರು ಅವಳನ್ನೇ ನೋಡಿ ನಕ್ಕರು.

"ಎಷ್ಟು ಹೊತ್ತು ಯೋಚ್ನೆ ಮಾಡ್ತೀಯೇ ಗುಬ್ಬಿ? ನಿಂದೇ ಮೊದಲು."

ಗುಬ್ಬಿ ಕರಿ ಕಾಯಿಯೊಂದನ್ನು ಎರಡು ಮನೆ ಮುಂದಿಟ್ಟಳು.