ಶೆಡ್ಡಿನ ಅಳತೆಗೆ ಟ್ರ್ಯಾಕ್ಟರ್

ಭಾವ ಟ್ರ್ಯಾಕ್ಟರಿಗೆ ಟೇಪು ಹಿಡಿದು ಅಳೆಯುತ್ತಿದ್ದ ರೀತಿ ನೋಡಿದರೆ ಅದಕ್ಕೆ ಅಂಗಿ ಹೊಲಿಸುತ್ತಾನೇನೋ ಅನ್ನಬೇಕು. ನೆಲದಿಂದ ಬಾನೆಟ್ಟಿಗೆ ಇಷ್ಟು, ಬಾನೆಟ್ಟಿನಿಂದ ಸ್ಟೀರಿಂಗಿಗೆ ಇಷ್ಟು, ಮುಂದಿನ ಬಕೆಟ್ಟಿನ ತುಟಿಯಿಂದ ಹಿಂದಿನ ಚಕ್ರದ ಬೆನ್ನಿಗೆ ಇಷ್ಟು. ಒಂದೊಂದನ್ನೂ ಜೇಬಿನ ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆಯುತ್ತಿದ್ದ. ಇಪ್ಪತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಗೆರೆ ಎಳೆಯದೆ ಉಸಿರಾಡುವುದೂ ಗೊತ್ತಿಲ್ಲ.

ಗ್ರೀಸ ಷೋರೂಮಿನ ಕಂಬಕ್ಕೆ ಒರಗಿ ಹಲ್ಲು ಕಡಿಯುತ್ತಿದ್ದ. ಒಂಬತ್ತನೆಯ ಕ್ಲಾಸಿನಲ್ಲಿ ಪುಸ್ತಕ ಎಸೆದು ಟ್ರ್ಯಾಕ್ಟರ್ ರಿಪೇರಿ ಅಂಗಡಿ ಸೇರಿ ಆರು ವರ್ಷವಾಗಿತ್ತು. ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗದು. ಅದಕ್ಕೇ ಆ ಅಡ್ಡಹೆಸರು, ಇಟ್ಟವನೂ ಇದೇ ಭಾವ. ಇವತ್ತು ಅವನನ್ನು ಯಾರೂ ಕರೆದಿರಲಿಲ್ಲ. ಅಕ್ಕ, ಭಾವ ಟ್ರ್ಯಾಕ್ಟರ್ ಆರಿಸಲು ಬರುತ್ತಾರೆಂದು ಗೊತ್ತಾಗಿ ತಾನಾಗಿಯೇ ಬಂದಿದ್ದ. ಯಾಕೆಂದರೆ ಓಡಿಸಬೇಕಾದವಳು ಅಕ್ಕ.

ಭಾವ ಬೆಳಿಗ್ಗೆ ಶಾಲೆಗೆ ಹೋದರೆ ಬರುವುದು ಸಂಜೆಗೆ. ಮನೆಯ ಸುತ್ತಲಿನ ಎರಡೂವರೆ ಎಕರೆ, ಹಿತ್ತಲಿನ ಇಳಿಜಾರು, ಸೊಂಟದೆತ್ತರ ಬೆಳೆಯುವ ಹುಲ್ಲು, ಪ್ರತಿ ಮಳೆಗೂ ಕೊಚ್ಚಿಹೋಗುವ ಜಲ್ಲಿ ದಾರಿ, ಎಲ್ಲ ಅಕ್ಕನ ಪಾಲಿಗೆ. ಏಳು ವರ್ಷದಿಂದ ಒಂಟಿಚಕ್ರದ ಕೈಗಾಡಿ ದೂಡಿ ದೂಡಿ ಅವಳ ಅಂಗೈ ಹಿಮ್ಮಡಿಯಂತಾಗಿತ್ತು.

"ಇದೇ ಸರಿ," ಎಂದ ಭಾವ ಪುಸ್ತಕ ಮುಚ್ಚುತ್ತಾ. "ಅಗಲ ಸರಿಯಾಗಿದೆ. ಉದ್ದ, ಈ ಹಿಂದಿನ ಪೆಟ್ಟಿಗೆ ಬಿಟ್ರೆ ಸರಿಯಾಗಿದೆ. ಎತ್ತರ, ಈ ಕಮಾನು ತೆಗೆದ್ರೆ ಸರಿಯಾಗಿದೆ."

"ಯಾವುದಕ್ಕೆ ಸರಿಯಾಗಿದೆ?" ಎಂದ ಗ್ರೀಸ.

"ಶೆಡ್ಡಿಗೆ."

ಆ ಶೆಡ್ಡು! ಎರಡು ಬೇಸಿಗೆ ರಜೆ ಮುಡಿಪಿಟ್ಟು ಭಾವ ಕೈಯಾರೆ ಕಟ್ಟಿದ್ದು. ನಕ್ಷೆಯೂ ಅವನದೇ, ಇಟ್ಟಿಗೆಯೂ ಅವನದೇ, ಬಾಗಿಲ ಮೇಲಿನ ತೊಲೆಯೂ ಅವನದೇ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಶೆಡ್ಡು ತೋರಿಸುತ್ತಿದ್ದ. ತನ್ನ ಎತ್ತರಕ್ಕೆ ನಾಲ್ಕು ಬೆರಳು ಸೇರಿಸಿ ಬಾಗಿಲು ಇಟ್ಟಿದ್ದ ಮಹಾನುಭಾವ. ಈಗ ಜಗತ್ತಿನ ಟ್ರ್ಯಾಕ್ಟರುಗಳೆಲ್ಲ ಅವನ ತಲೆಯ ಅಳತೆಗೆ ಬಗ್ಗಬೇಕು.

"ಭಾವ, ಅದು ಅಲಂಕಾರಕ್ಕೆ ಇಟ್ಟಿರೋ ಕಮಾನಲ್ಲ," ಗ್ರೀಸ ಸೀಟಿನ ಹಿಂದೆ ನಿಂತಿದ್ದ ದಪ್ಪ ಕಬ್ಬಿಣಕ್ಕೆ ಬಡಿದ. "ಗಾಡಿ ಪಲ್ಟಿ ಹೊಡೆದ್ರೆ ಮೇಲೆ ಕೂತಿರೋರು ಜಜ್ಜಿಹೋಗದೆ ಇರ್ಲಿ ಅಂತ ಇರೋದು. ಹಿಂದಿನ ಪೆಟ್ಟಿಗೆ ತೂಕಕ್ಕೆ. ಮುಂದೆ ಬಕೆಟ್ ತುಂಬ ಜಲ್ಲಿ ಎತ್ತಿದ್ರೆ ಹಿಂದೆ ಭಾರ ಬೇಡ್ವಾ? ನಿಮ್ಮ ಹಿತ್ತಲು ಜಾರುಬಂಡೆ ಇದ್ದ ಹಾಗಿದೆ."

"ನಿಧಾನಕ್ಕೆ ಓಡ್ಸಿದ್ರೆ ಯಾಕೋ ಪಲ್ಟಿ ಹೊಡಿಯುತ್ತೆ? ನಿಮ್ಮಕ್ಕ ರೇಸಿಗೆ ಹೋಗ್ತಾಳಾ?"

"ಶೆಡ್ಡಿನ ಬಾಗ್ಲು ಒಡೆದು ಎತ್ತರ ಮಾಡಿ. ಎರಡು ದಿನದ ಕೆಲಸ."

ಭಾವನ ಮುಖ ಕೆಂಪಾಯಿತು. "ತ್ರಿಕೋನದ ಕರ್ಣ ಅಂದ್ರೆ ಏನು ಅಂತ ಹೇಳಕ್ಕಾಗದೆ ಬೆಂಚಿನ ಮೇಲೆ ನಿಂತೋನು, ನನ್ನ ಕಟ್ಟಡ ಒಡಿ ಅಂತೀಯ! ಹೋಗು, ಹೋಗಿ ಯಾರದ್ದಾದ್ರೂ ಆಯಿಲ್ ಬದಲಾಯ್ಸು."

ಮಾರಾಟದವನಿಗೆ ಇಬ್ಬರ ಜಗಳದಲ್ಲಿ ಗಿರಾಕಿ ಜಾರುವ ಭಯ. "ನಾಲ್ಕೇ ಬೋಲ್ಟು ಸಾರ್, ಬಿಚ್ಚಿ ಜೊತೆಗೇ ಕಳಿಸ್ತೀವಿ," ಎಂದು ನಡುವೆ ತೂರಿದ. "ಬೇಕಾದಾಗ ಹಾಕೊಳ್ಳಿ, ಬೇಡವಾದ್ರೆ ಬಳ್ಳಿ ಹಬ್ಬಿಸಿ! ಮೇಡಂ, ನೀವು ಸೀಟಿನ ಬಣ್ಣ ನೋಡಿ. ಹಳದಿಯೂ ಬರುತ್ತೆ."

"ನಿನ್ನ ಓನರ್‌ಗೆ ಹೇಳ್ತೀನಿ ನೋಡು," ಎಂದು ಗ್ರೀಸ ಅವನ ಕಡೆ ತಿರುಗಿದ. "ಪಲ್ಟಿಯಾದಾಗ ಎತ್ತಕ್ಕೆ ಬರೋನು ನಾನು. ನೀನಲ್ಲ. ಎರಡು ಸಲ ಎತ್ತಿದ್ದೀನಿ. ಅಡೀಲಿ ಸಿಕ್ಕಿದ್ದೋರ ಮುಖ ನೋಡಿದ್ದೀನಿ."

ಮಾರಾಟದವನು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದ.

ಅಕ್ಕ ತಮ್ಮನ ತೋಳು ಹಿಡಿದು ಜೋಡಿಸಿಟ್ಟಿದ್ದ ಟೈರುಗಳ ಹಿಂದಕ್ಕೆ ಎಳೆದೊಯ್ದಳು. "ಬಾಯಿ ಮುಚ್ಕೊಳ್ಳೋ. ಮೂರು ವರ್ಷದಿಂದ ಗೋಗರೆದು ಇಲ್ಲಿವರೆಗೂ ಕರ್ಕೊಂಡು ಬಂದಿದ್ದೀನಿ. ನೀನು ಹೀಗೆ ಕೆರಳಿಸಿದ್ರೆ ಟ್ರ್ಯಾಕ್ಟರೇ ಬೇಡ ಅಂತ ಎದ್ದು ಹೋಗ್ತಾರೆ. ಆಮೇಲೆ ಆ ಕೈಗಾಡಿ ನೀನು ದೂಡ್ತೀಯಾ?"

"ಸಾಯ್ತೀಯ ಕಣೇ."

"ಈಗೇನು ಬದುಕಿದ್ದೀನಾ? ಹೆಂಗೋ ಒಂದು ಬರ್ಲಿ. ನಾನು ಹುಷಾರಾಗಿರ್ತೀನಿ."

ಹುಷಾರು! ಆ ಎರಡು ಸಲವೂ ಅಡಿಯಲ್ಲಿ ಸಿಕ್ಕವರು ಹುಷಾರಾಗಿಯೇ ಇದ್ದವರು. ಆದರೆ ಅವಳ ಅಂಗೈ ತನ್ನ ತೋಳಿಗೆ ಮರಳುಕಾಗದದಂತೆ ಉಜ್ಜುತ್ತಿದ್ದುದು ಗೊತ್ತಾಗಿ ಅವನು ವಾದ ಬಿಟ್ಟ. ಷೋರೂಮಿನಿಂದ ಹೊರಡುವಾಗ ಬಾಗಿಲನ್ನು ಮಾತ್ರ ಗಾಜು ನಡುಗುವಂತೆ ಎಳೆದು ಹಾಕಿದ.

ಭಾನುವಾರ ಲಾರಿಯಲ್ಲಿ ಟ್ರ್ಯಾಕ್ಟರ್ ಬಂತು. ಕಮಾನು ಅದರ ಪಕ್ಕದಲ್ಲೇ ಮಲಗಿ ಬಂತು, ನಾಲ್ಕು ಬೋಲ್ಟು ಒಂದು ಪ್ಲಾಸ್ಟಿಕ್ ಚೀಲದಲ್ಲಿ. ಹಿಂದಿನ ತೂಕದ ಪೆಟ್ಟಿಗೆ ಬರಲೇ ಇಲ್ಲ. ಭಾವ ಅದನ್ನು ಹಿತ್ತಲ ಗೋಡೆಗೆ ಒರಗಿಸಿ, ಟ್ರ್ಯಾಕ್ಟರನ್ನು ಶೆಡ್ಡಿಗೆ ಹೊಗಿಸಿ, ತೆಗೆದು, ಮತ್ತೆ ಹೊಗಿಸಿ ನೋಡಿದ. ತೊಲೆಗೂ ಸ್ಟೀರಿಂಗಿಗೂ ನಡುವೆ ಅವನ ತಲೆ ಸಲೀಸಾಗಿ ಹಿಡಿಯಿತು. ಹೆಮ್ಮೆಯಿಂದ ಎದೆ ಉಬ್ಬಿತು. ಆಮೇಲೆ ಬಕೆಟ್ಟಿಗೆ ಜಲ್ಲಿ ತುಂಬಿಸಿ, "ಹತ್ತು," ಎಂದ ಅಕ್ಕನಿಗೆ. "ಹಿತ್ತಲ ಅಡ್ಡಕ್ಕೆ ಹೋಗಿ ಆ ಗುಂಡಿಗೆ ಸುರಿದು ಬಾ."

ಗ್ರೀಸ ಗೇಟು ದಾಟಿ ಬಂದದ್ದು ಆಗಲೇ. ಯಾರ ಮುಖವನ್ನೂ ನೋಡದೆ ಸೀದಾ ಹೋಗಿ ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದ.

"ಕೊಡೋ ಇಲ್ಲಿ!" ಭಾವ ಗುಡುಗಿದ.

"ಕೊಡ್ತೀನಿ. ಆದ್ರೆ ಮೊದಲು ನೀವು ಓಡ್ಸಿ. ಹೆಂಡತಿನ ಹತ್ತಿಸಿ ಕೆಳಗೆ ನಿಂತು ನೋಡೋದು ಯಾವ ಗಂಡಸ್ತನ? ಅಷ್ಟೊಂದು ಲೆಕ್ಕ ಹಾಕಿದ್ದೀರಲ್ಲ, ನಿಮ್ಮ ಲೆಕ್ಕದ ಮೇಲೆ ನೀವೇ ಕೂತು ತೋರ್ಸಿ."

"ನನಗೇ ಸವಾಲಾ?"

"ಹೂಂ, ಸವಾಲೇ. ಭಯ ಆದ್ರೆ ಹೇಳಿ."

ಅಕ್ಕ ಇಬ್ಬರ ನಡುವೆ ಕೈ ಚಾಚಿದಳು. ಇಬ್ಬರೂ ಆ ಕೈಯನ್ನು ನೋಡಲಿಲ್ಲ. ಭಾವ ಕೀಲಿ ಕಸಿದುಕೊಂಡು ಹತ್ತಿದ, ಷರಟಿನ ತೋಳು ಮಡಚಿದ, ಬಕೆಟ್ಟನ್ನು ತಲೆಗಿಂತ ಎತ್ತರ ಎತ್ತಿದ. ಎತ್ತರಕ್ಕೆ ಎತ್ತಬೇಡಿ ಎಂಬ ಮಾತು ಗ್ರೀಸನ ಬಾಯಿಗೆ ಬಂದಿತ್ತು. ಹೇಳಲಿಲ್ಲ.

ಟ್ರ್ಯಾಕ್ಟರ್ ಇಳಿಜಾರಿಗೆ ಅಡ್ಡವಾಗಿ ಹೊರಟಿತು. ಹತ್ತು ಹೆಜ್ಜೆ ಸರಿಯಾಗಿಯೇ ಹೋಯಿತು. ಭಾವ ತಿರುಗಿ ಮೈದುನನ ಕಡೆ ಒಂದು ನಗೆ ಬಿಸಾಕಿದ. ಆಗ ತಗ್ಗಿನ ಕಡೆಯ ಮುಂಚಕ್ರ ಒಂದು ಸಣ್ಣ ಕುಳಿಗೆ ಇಳಿಯಿತು, ಅಂಗೈಯಷ್ಟು ಆಳವಿರಬಹುದು. ಮೇಲಿನ ಕಡೆಯ ಹಿಂಚಕ್ರ ಮೆಲ್ಲಗೆ, ಮಗು ನಿದ್ದೆಯಲ್ಲಿ ಕಾಲೆತ್ತಿದಂತೆ, ನೆಲ ಬಿಟ್ಟು ಎದ್ದಿತು.

ಗ್ರೀಸನಿಗೆ ಖುಷಿಯಾಯಿತು. ಸುಳ್ಳೇಕೆ, ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು ಎದೆಯಲ್ಲಿ ತಂಪೇ ಆಯಿತು. ನೋಡು ಮಗನೇ, ಈಗ ಗೆರೆ ಎಳೆ.

ಅಷ್ಟರಲ್ಲಿ ಅಕ್ಕ ಓಡಿದಳು. ಮೇಲಿನ ಕಡೆಗಲ್ಲ, ತಗ್ಗಿನ ಕಡೆಗೆ! ವಾಲುತ್ತಿದ್ದ ಟ್ರ್ಯಾಕ್ಟರಿನ ಅಡಿಗೆ ಹೋಗಿ, ಕೈಗಾಡಿ ವಾಲಿದಾಗ ಏಳು ವರ್ಷ ಮಾಡಿದಂತೆಯೇ, ಎರಡು ಕೈ ಚಾಚಿ ಚಕ್ರದ ಮಡ್‌ಗಾರ್ಡಿಗೆ ಭುಜ ಕೊಟ್ಟಳು. ಅಷ್ಟು ಕಬ್ಬಿಣವನ್ನು ಆ ಸಣ್ಣ ಭುಜದಲ್ಲಿ ಎತ್ತಿ ಹಿಡಿಯಲು ನಿಂತಳು.

ಗ್ರೀಸ ಕಿರುಚಿದ. "ಬಕೆಟ್ ಇಳ್ಸಿ ಭಾವ! ಇಳ್ಸಿ! ಸ್ಟೀರಿಂಗ್ ತಗ್ಗಿನ ಕಡೆಗೆ!" ಕೂಗುತ್ತಲೇ ಓಡಿಹೋಗಿ ಅಕ್ಕನ ಜಡೆಗೆ ಕೈಹಾಕಿ ಬೇರು ಕೀಳುವಂತೆ ಎಳೆದ. ಇಬ್ಬರೂ ಹುಲ್ಲಿನ ಮೇಲೆ ಉರುಳಿದರು. ಭಾವ ಹೇಳಿದ್ದನ್ನು ಹೇಳಿದಂತೆ ಮಾಡಿದ. ಬಕೆಟ್ಟು ದಢಾರನೆ ಕೆಳಗಿಳಿಯಿತು, ಜಲ್ಲಿ ಚೆಲ್ಲಿತು, ಮೂತಿ ತಗ್ಗಿಗೆ ತಿರುಗಿತು, ಎದ್ದಿದ್ದ ಚಕ್ರ ನೆಲಕ್ಕೆ ಬಡಿದು ಕೂತಿತು. ಎಂಜಿನ್ ಒಂದೆರಡು ಸಲ ಕೆಮ್ಮಿ ನಿಂತಿತು.

ಭಾವ ಸೀಟಿನಿಂದ ಎದ್ದ. ಚಕ್ರ ಹಿಡಿದುಕೊಂಡು ನೆಲಕ್ಕಿಳಿದ. ಮಾತು ಬರುವ ಹೊತ್ತಿಗೆ ಸಿಟ್ಟೂ ಬಂತು.

"ನಾನು ಸಾಯ್ಲಿ ಅಂತ ತಾನೇ ಹತ್ತಿಸಿದ್ದು? ಗೊತ್ತಿದ್ದೂ ಹತ್ತಿಸಿದೆ ಅಲ್ವಾ?"

ಗ್ರೀಸ ಹುಲ್ಲಿನಿಂದ ಎದ್ದ. "ನಿಮಗೆ ಗೊತ್ತಿದ್ದೂ ಅವಳನ್ನ ಹತ್ತಿಸ್ತಿದ್ರಲ್ಲ," ಎಂದ.

"ಥೂ ನಿಮ್ಮ!" ಎಂದಳು ಅಕ್ಕ. ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು, ಮೊಣಕೈ ತರಚಿ ರಕ್ತ ಬರುತ್ತಿತ್ತು. "ನಿಮ್ಮಿಬ್ಬರ ಜಿದ್ದು ನಿಮಗೆ. ಒಬ್ಬರಿಗೆ ಶೆಡ್ಡು, ಇನ್ನೊಬ್ಬನಿಗೆ ಗೆಲುವು. ಗಾಡಿ ಓಡ್ಸೋಳು ಇಲ್ಲಿ ನಿಂತಿದ್ದೀನಿ, ಕಣ್ಣಿಗೆ ಕಾಣ್ತಿದ್ದೀನಾ?"

ಯಾರ ಉತ್ತರಕ್ಕೂ ಕಾಯದೆ ಗೋಡೆಯ ಹತ್ತಿರ ಹೋಗಿ ಕಮಾನಿನ ಒಂದು ತುದಿ ಹಿಡಿದು ನೆಲದ ಮೇಲೆ ಎಳೆಯತೊಡಗಿದಳು. ಕಬ್ಬಿಣ ಜಲ್ಲಿಯ ಮೇಲೆ ಕಿರ್ರೆಂದಿತು. ಗ್ರೀಸ ಇನ್ನೊಂದು ತುದಿ ಎತ್ತಿದ. ಅವಳು ಬೇಡ ಅನ್ನಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ.

ನಾಲ್ಕು ಬೋಲ್ಟು ಕೂರಿಸಿ, ಉದ್ದ ಹಿಡಿಯ ಸ್ಪ್ಯಾನರಿನಿಂದ ಮೈಭಾರ ಬಿಟ್ಟು ಬಿಗಿದ. ಆಮೇಲೆ ಬೈಕಿನ ಡಬ್ಬಿಯಿಂದ ಬಿಳಿ ಬಣ್ಣದ ಶೀಶೆ ತಂದು, ನಟ್ಟಿನಿಂದ ಕಬ್ಬಿಣದ ತನಕ ಒಂದೊಂದು ಗೆರೆ ಎಳೆದ. "ದಿನಾ ಹತ್ತೋ ಮೊದಲು ಇದನ್ನ ನೋಡು. ಗೆರೆ ತುಂಡಾಗಿದ್ರೆ ನಟ್ಟು ತಿರುಗಿದೆ ಅಂತ ಅರ್ಥ. ತಾನಾಗೇ ಸಡಿಲ ಆಗಿರ್ಬಹುದು, ಯಾರಾದ್ರೂ ಬಿಚ್ಚಿರ್ಬಹುದು. ಆವತ್ತು ಹತ್ತಬೇಡ. ಬೆಲ್ಟು ಹಾಕದೆ ಕೀಲಿ ತಿರುಗಿಸ್ಬೇಡ. ಇಳಿಜಾರಲ್ಲಿ ನೇರಕ್ಕೆ ಹತ್ತು, ನೇರಕ್ಕೆ ಇಳಿ, ಅಡ್ಡ ಹೋಗ್ಬೇಡ."

"ಹಿಂದಿನ ತೂಕ?"

"ನಾಳೆ ಅಂಗಡಿಯಿಂದ ಹಳೇ ಪೆಟ್ಟಿಗೆ ಕಳಿಸ್ತೀನಿ, ಮರಳು ತುಂಬ್ಸು. ಅಲ್ಲಿವರೆಗೂ ಬಕೆಟ್ಟಿಗೆ ಒಂದು ಹಿಡಿ ಮಣ್ಣೂ ಹಾಕ್ಬೇಡ."

ಶೆಡ್ಡಿನ ಬಾಗಿಲಲ್ಲಿ ಭಾವ ನಿಂತಿದ್ದ. "ಅದನ್ನ ಸಿಕ್ಕಿಸಿದ್ಮೇಲೆ ಎಲ್ಲಿ ನಿಲ್ಸೋದು?"

"ಹೊರಗೆ," ಎಂದಳು ಅಕ್ಕ.

"ಮಳೇಲಾ?"

"ಏಳು ವರ್ಷ ನಾನು ನಿಂತಿದ್ದೆಲ್ಲಿ?"

ಭಾವ ಅವಳಿಗೆ ಹೇಳಬೇಕಾದದ್ದನ್ನೆಲ್ಲ ಮೈದುನನ ಕಡೆ ತಿರುಗಿಸಿದ. "ನೀನು ಇನ್ನು ಈ ಅಂಗಳಕ್ಕೆ ಕಾಲಿಡಬೇಡ. ತಿಳೀತಾ?"

"ತಿಳೀತು," ಎಂದ ಗ್ರೀಸ. ಜಗಳಕ್ಕೆ ಇನ್ನೂ ಬೇಕಾದಷ್ಟು ಮಾತಿತ್ತು ಅವನಲ್ಲಿ, ಹತ್ತು ಭಾನುವಾರಕ್ಕೆ ಸಾಲುವಷ್ಟು. ಆದರೆ ಆ ಒಂದು ಗುಟುಕು ತಂಪು ಎದೆಯಲ್ಲಿ ಈಗ ಕಲ್ಲಾಗಿ ಕೂತಿತ್ತು. ಸ್ಪ್ಯಾನರ್ ಒರೆಸಿಕೊಂಡು, ಗೇಟು ದಾಟಿ, ಬೈಕಿನ ಪಕ್ಕ ನಿಂತ.

ಅಕ್ಕ ಹತ್ತಿ ಕೂತಳು. ಬೆಲ್ಟು ಎಳೆದು ಹಾಕಿದಳು, ಅದು ಕಚ್ಚಿತೋ ಇಲ್ಲವೋ ಎಂದು ಎರಡು ಸಲ ಜಗ್ಗಿದಳು. ಖಾಲಿ ಬಕೆಟ್ಟು ನೆಲದಿಂದ ಗೇಣು ಮೇಲೆ. ಟ್ರ್ಯಾಕ್ಟರ್ ಇಳಿಜಾರಿನಲ್ಲಿ ನೆಟ್ಟಗೆ ಮೇಲೇರಿತು, ತುದಿಯಲ್ಲಿ ಸಮತಟ್ಟಿನ ಮೇಲೆ ತಿರುಗಿತು, ನೆಟ್ಟಗೆ ಕೆಳಗಿಳಿಯಿತು. ಶೆಡ್ಡಿನ ಮುಂದೆ ಒಬ್ಬ, ಗೇಟಿನಾಚೆ ಒಬ್ಬ, ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಅವಳನ್ನೇ ನೋಡುತ್ತಿದ್ದರು.

ಅವಳು ಯಾರ ಹತ್ತಿರವೂ ನಿಲ್ಲಿಸಲಿಲ್ಲ. ಇನ್ನೊಂದು ಸುತ್ತಿಗೆ ಹೊರಟಳು.